ಬೀಡಿಯ ಬೆಂಕಿ, ಕೆಂಚವ್ವನ ಬೆನ್ನ ಮೇಲಿನ ಕಲ್ಲು

ಖಾನಾಪುರ ತಾಲೂಕಿನ ಬೀಡಿ ಇವತ್ತು ಕಿತ್ತೂರಿನ ಕಡೆ ಹೋಗುವವರು ಬಸ್ಸಿನ ಕಿಟಕಿಯಿಂದ ಒಮ್ಮೆ ನೋಡಿ ಮುಂದೆ ಸಾಗುವ ಊರು. 1830ರ ಜನವರಿಯ ಆರಂಭದಲ್ಲಿ ಇಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಗೆ ಬೆಂಕಿ ಬಿತ್ತು. ಹಚ್ಚಿಸಿದವನು ಸಂಗೊಳ್ಳಿಯ ಒಬ್ಬ ಸನದಿ, ಊರ ಕಾವಲಿನವನು, ರಾಯಣ್ಣ. ಅವನ ಬೆನ್ನಿಗಿದ್ದವರು ಕಿತ್ತೂರು ಸೀಮೆಯ ಜನ. ಕಂಪನಿಯ ಕಾಗದಪತ್ರಗಳಲ್ಲೂ, ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಕತ್ವದಲ್ಲಿ 1884ರಲ್ಲಿ ಹೊರಬಂದ ಮುಂಬಯಿ ಪ್ರಾಂತದ ಬೆಳಗಾವಿ ಗ್ಯಾಜೆಟಿಯರ್‌ನಲ್ಲೂ ಸಂಗೊಳ್ಳಿ ರಾಯಣ್ಣ ಒಂದು ದಂಗೆಯ ಮುಂದಾಳು. ದಂಗೆ, ಬೆಂಕಿ, ಬೆನ್ನಟ್ಟುವಿಕೆ, ಸೆರೆ, ನೇಣು. ಅಧಿಕಾರಿಗಳಿಗೆ ಬೇಕಾದದ್ದು ಅಷ್ಟೇ. ಅವನ ತಾಯಿ, ಅವನ ಹೊಲ, ಅವನ ಬಾಲ್ಯ ಅವರ ವರದಿಗೆ ಬೇಕಾಗಿರಲಿಲ್ಲ.

ಲಾವಣಿಕಾರರು ಮಾತ್ರ ಈ ಬೆಂಕಿಯಿಂದ ಕಥೆ ಎತ್ತುವುದಿಲ್ಲ. ಬೆಳಗಾವಿ ಸೀಮೆಯಲ್ಲಿ ಹಾಡಿಕೊಂಡು, ಹೇಳಿಕೊಂಡು ಬಂದ ಕಥೆ ಶುರುವಾಗುವುದು ಸಂಗೊಳ್ಳಿಯ ಒಂದು ಮನೆಯಂಗಳದಲ್ಲಿ. ತೆರಿಗೆ ವಸೂಲಿಗೆ ಬಂದ ಊರ ಕುಲಕರ್ಣಿ, ಮಗ ಮನೆಯಲ್ಲಿಲ್ಲದ ಹೊತ್ತು ನೋಡಿ, ತಾಯಿ ಕೆಂಚವ್ವನನ್ನು ಬಗ್ಗಿಸಿ ಬೆನ್ನ ಮೇಲೆ ಕಲ್ಲು ಹೇರಿಸುತ್ತಾನೆ. ಮಗ ಬಂದು ನೋಡುತ್ತಾನೆ. ಆಮೇಲಿನದೆಲ್ಲ ಆ ಕಲ್ಲಿನಿಂದ ಹುಟ್ಟಿದ್ದು.

ಒಬ್ಬ ವೀರನ ಕಥೆಯನ್ನು ಎಲ್ಲಿಂದ ಎತ್ತಬೇಕು? ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಬರೆಯುವವರನ್ನು ಈ ಪ್ರಶ್ನೆ ಎಂಬತ್ತು ವರ್ಷಕ್ಕೂ ಮೇಲಿನಿಂದ ಕಾಡುತ್ತಿದೆ. ಬ್ಯಾಟ್‌ಮನ್ 1939ರ ಮೇ ತಿಂಗಳ ಸಂಚಿಕೆಯಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ಅವನಿಗೆ ಪೂರ್ವಕಥೆಯೇ ಇರಲಿಲ್ಲ; ಕಳ್ಳರನ್ನು ಹೊಡೆಯುತ್ತಿದ್ದ, ಅಷ್ಟೇ. ಏಕೆ ಹೊಡೆಯುತ್ತಾನೆ ಎಂಬುದು ಆರು ತಿಂಗಳ ಮೇಲೆ, ನವೆಂಬರ್ ಸಂಚಿಕೆಯಲ್ಲಿ, ಬರೀ ಎರಡು ಪುಟದಲ್ಲಿ ಬಂತು: ಕಣ್ಣೆದುರೇ ತಂದೆತಾಯಿಯನ್ನು ಗುಂಡಿಟ್ಟು ಕೊಂದದ್ದನ್ನು ನೋಡಿದ ಹುಡುಗ ಅವನು. ಕೊಂದವನಿಗೆ ಜೋ ಚಿಲ್ ಎಂಬ ಹೆಸರು ಸಿಕ್ಕಿದ್ದು 1948ರಲ್ಲಿ. 1987ರಲ್ಲಿ ಫ್ರಾಂಕ್ ಮಿಲ್ಲರ್ ಅದೇ ಆರಂಭವನ್ನು ಮತ್ತೊಮ್ಮೆ ಬರೆದು ಊರಿನ ಭ್ರಷ್ಟ ಪೊಲೀಸರನ್ನು ಕಥೆಯ ನಡುವಿಗೆ ತಂದ. ಸೂಪರ್‌ಮ್ಯಾನ್‌ನದೂ ಇದೇ ಪಾಡು. 1938ರ ಮೊದಲ ಸಂಚಿಕೆಯಲ್ಲಿ ಆಕಾಶದಿಂದ ಬಿದ್ದ ಆ ಕೂಸು ಅನಾಥಾಲಯ ಸೇರುತ್ತದೆ. ಮರುವರ್ಷವೇ ಅದಕ್ಕೆ ಸಾಕುತಂದೆ, ಸಾಕುತಾಯಿ ಬಂದರು. 1986ರಲ್ಲಿ ಜಾನ್ ಬರ್ನ್ ಕಥೆಯನ್ನು ಹೊಸದಾಗಿ ಹೇಳುವಾಗ, ಹಿಂದಿನ ಕಥೆಗಳಲ್ಲಿ ತೀರಿಹೋಗಿದ್ದ ಆ ಇಬ್ಬರನ್ನು ಮಗ ದೊಡ್ಡವನಾದ ಮೇಲೂ ಬದುಕಿಸಿದ.

ಗಮನಿಸಬೇಕಾದ್ದೆಂದರೆ, ಅಲ್ಲೂ ಇಲ್ಲೂ ಸಾಹಸ ಮೊದಲು ಬಂತು, ಕಾರಣ ಹಿಂದಿನಿಂದ ಬಂತು. ಆದರೆ ಬ್ಯಾಟ್‌ಮನ್ನನಿಗೆ ಕಾರಣ ಒದಗಿಸಿದ್ದು ಒಂದು ಪ್ರಕಾಶನ ಕಂಪನಿಗೆ ಬರೆಯುತ್ತಿದ್ದ ಬರಹಗಾರರು. ರಾಯಣ್ಣನಿಗೆ ಒದಗಿಸಿದವರು ದಪ್ಪು ತುಂತುಣಿ ಹಿಡಿದು ಜಾತ್ರೆಯಿಂದ ಜಾತ್ರೆಗೆ ಹೋಗುತ್ತಿದ್ದ ಹಾಡುಗಾರರು. ಅವರ ಮುಂದೆ ಕೂತವರಿಗೆ ಆ ತೆರಿಗೆ ಏನೆಂದು ಚೆನ್ನಾಗಿ ಗೊತ್ತಿತ್ತು.

ಆ ತೆರಿಗೆಯ ಸಂಗತಿಯನ್ನು ಸ್ವಲ್ಪ ಬಿಡಿಸಿ ನೋಡದಿದ್ದರೆ ಲಾವಣಿಯ ಕಲ್ಲು ಬರೀ ಕಣ್ಣೀರಿನ ದೃಶ್ಯವಾಗಿ ಉಳಿಯುತ್ತದೆ.

ಕಿತ್ತೂರು ದೇಸಾಯರ ಸಂಸ್ಥಾನ ಪೇಶ್ವೆಯರ ಕಾಲದಲ್ಲಿ ತಲೆಯೆತ್ತಿ ನಿಂತದ್ದು. 1818ರಲ್ಲಿ ಪೇಶ್ವೆಯರು ಸೋತು ಕಂಪನಿಯ ಸೈನ್ಯ ಬೆಳಗಾವಿ ಕೋಟೆಯನ್ನು ಮುತ್ತಿದಾಗ ಕಿತ್ತೂರು ಕಂಪನಿಯ ಪರ ನಿಂತಿತ್ತು. ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಅದಕ್ಕೆ ಪ್ರತಿಯಾಗಿ, ವರ್ಷಕ್ಕೆ 1,75,000 ರೂಪಾಯಿ ಕಪ್ಪ ಕೊಡುವ ಕರಾರಿನ ಮೇಲೆ ಸಂಸ್ಥಾನವನ್ನು ದೇಸಾಯಿಗೇ ಬಿಟ್ಟ. ಮಲ್ಲಸರ್ಜ ದೇಸಾಯಿ ಅಷ್ಟರಲ್ಲಿ ತೀರಿಕೊಂಡಿದ್ದ. ಅವನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಎದುರು ಅವನೇ ಗುಂಡಿಗೆ ಬಲಿಯಾದ. ಗುಂಡು ಹಾರಿಸಿದವನು ಅಮಟೂರು ಬಾಳಪ್ಪ ಎಂದು ನಾಡು ನೆನೆಯುತ್ತದೆ. ಈ ಥ್ಯಾಕರೆ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ. ಅಂದು ಸೆರೆಸಿಕ್ಕ ಇಬ್ಬರು ಬಿಳಿಯ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್, ಮುಂದೆ ಪ್ರಾಣಿಶಾಸ್ತ್ರಕ್ಕೂ ದಕ್ಷಿಣದ ಇತಿಹಾಸಕ್ಕೂ ಹೆಸರಾದವನು. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ದಂಡು ಬಂದು ಕೋಟೆ ಬಿತ್ತು. ಹೋರಾಟ ನಡೆಸಿದ ರಾಣಿ ಚೆನ್ನಮ್ಮ, ಮಲ್ಲಸರ್ಜನ ಮಡದಿ, ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ಕೊನೆಯುಸಿರೆಳೆದಳು.

ಇದು ರಾಜಮನೆತನದ ಕಥೆ. ಸಂಸ್ಥಾನ ಬಿದ್ದಾಗ ಹಳ್ಳಿಯಲ್ಲಿ ಬಿದ್ದದ್ದು ಬೇರೆ. ಕಿತ್ತೂರಿನ ಕಾವಲು ನಿಂತದ್ದು ಸಂಬಳದ ಸೈನ್ಯದ ಮೇಲೆ ಮಾತ್ರ ಅಲ್ಲ; ಶೇತಸನದಿಗಳ ಮೇಲೆ. ಊರ ಕಾವಲು ಕಾಯುವುದು, ಕರೆ ಬಂದಾಗ ಕತ್ತಿ ಹಿಡಿದು ಕೋಟೆಗೆ ಹೋಗುವುದು ಅವರ ಕೆಲಸ. ಅದಕ್ಕೆ ಕೂಲಿ ದುಡ್ಡಲ್ಲ, ಸನದಿನ ಮೇಲೆ ಕೊಟ್ಟ ಹೊಲ. ರಾಯಣ್ಣನ ಮನೆತನಕ್ಕೆ ಬಂದ ಹೊಲವನ್ನು ರಕ್ತಮಾನ್ಯ ಎನ್ನುತ್ತಾರೆ, ಸಂಸ್ಥಾನಕ್ಕಾಗಿ ಚೆಲ್ಲಿದ ನೆತ್ತರಿಗೆ ಸಿಕ್ಕಿದ್ದು. ಅವನ ತಂದೆ ಭರಮಪ್ಪ ಹುಲಿಯೊಡನೆ ಕಾದಾಡಿದ ಕಥೆ ಇವತ್ತಿಗೂ ಸಂಗೊಳ್ಳಿಯಲ್ಲಿ ಹೇಳಲಾಗುತ್ತದೆ. ಕಿತ್ತೂರು ಹೋದ ಮೇಲೆ ಶೇತಸನದಿಯ ಕತ್ತಿ ಯಾರಿಗೂ ಬೇಡವಾಯಿತು. ಕತ್ತಿ ಬೇಡವಾದ ಮೇಲೆ ಅದಕ್ಕೆ ಕೊಟ್ಟ ಹೊಲವನ್ನು ತೆರಿಗೆಯಿಲ್ಲದೆ ಏಕೆ ಬಿಡಬೇಕು? ಕಂಪನಿಯ ಲೆಕ್ಕ ಇದು. ಒಂದು ಪಾಲು ಹೊಲ ಹೋಯಿತು, ಉಳಿದದ್ದರ ಮೇಲೆ ತೆರಿಗೆ ಬಿತ್ತು. ಆ ಲೆಕ್ಕವನ್ನು ಊರಿನಲ್ಲಿ ಬರೆಯುವವನು ಕುಲಕರ್ಣಿ. ಬರೆದದ್ದು ಹೋಗಿ ಕೂರುವ ಜಾಗ ಬೀಡಿಯಂಥ ಊರಿನ ಕಚೇರಿ.

ಹಾಗೆ ನೋಡಿದರೆ ಗ್ಯಾಜೆಟಿಯರ್‌ನ ಬೆಂಕಿ, ಲಾವಣಿಯ ಕಲ್ಲು ಎರಡಕ್ಕೂ ಮೂಲ ಒಂದೇ ಹೊಲದ ಕಾಗದ. ಕಚೇರಿಯನ್ನು ಸುಟ್ಟವರು ಅದರ ಚಾವಣಿಯನ್ನಷ್ಟೇ ಸುಡಲಿಲ್ಲ, ದಫ್ತರವನ್ನೂ ಸುಟ್ಟರು. ಇನಾಮು ಹೊಲ ಕಳೆದುಕೊಂಡವರು ಕಾಗದಕ್ಕೆ ಬೆಂಕಿಯಿಡುವುದರಲ್ಲಿ ಹುಚ್ಚಾಟ ಏನಿಲ್ಲ. ಕಂಪನಿಯ ಅಧಿಕಾರಿ ಬೆಂಕಿ ಕಂಡ, ಕಲ್ಲು ಕಾಣಲಿಲ್ಲ. ಹಾಡುಗಾರ ಕಲ್ಲು ಕಂಡ, ಕಲ್ಲು ಹೇರಿಸಿದ ಕಟ್ಟಳೆಯನ್ನು ಒಬ್ಬ ಕುಲಕರ್ಣಿಯ ದುಷ್ಟತನವಾಗಿಸಿದ. ಬ್ಯಾಟ್‌ಮನ್ ಕಥೆಯಲ್ಲಿ ಊರಿನ ಬಡತನ, ಭ್ರಷ್ಟಾಚಾರಗಳೆಲ್ಲ ಒಬ್ಬ ಜೋ ಚಿಲ್‌ನ ಪಿಸ್ತೂಲಿನಲ್ಲಿ ಬಂದು ಕೂತವಲ್ಲ, ಅದೇ ಕೆಲಸ ಇದು. ಕಥೆಗೆ ಮುಖ ಬೇಕು. ಭೂಕಂದಾಯ ಪದ್ಧತಿಗೆ ಮುಖ ಇರುವುದಿಲ್ಲ.

ಈ ಹಾಡುಗಳನ್ನು ಮೊದಲು ಅಚ್ಚಿಗೆ ತಂದವನು, ವಿಚಿತ್ರವೆಂದರೆ, ಕಂಪನಿಯ ಉತ್ತರಾಧಿಕಾರಿ ಸರಕಾರದ ಅಧಿಕಾರಿಯೇ. ಜಾನ್ ಫೇತ್‌ಫುಲ್ ಫ್ಲೀಟ್ ಮುಂಬಯಿ ಪ್ರಾಂತದ ಈ ಕನ್ನಡ ಜಿಲ್ಲೆಗಳಲ್ಲಿ ಕೆಲಸ ಮಾಡಿದವನು. ಶಾಸನಗಳ ಓದುಗನೆಂದೇ ಹೆಸರು. ಆದರೆ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅವನು ಕನ್ನಡ ಲಾವಣಿಗಳ ಒಂದು ಸರಣಿಯನ್ನೇ ಪ್ರಕಟಿಸಿದ, ಮೂಲದೊಂದಿಗೆ ಇಂಗ್ಲಿಷ್ ಅನುವಾದ ಕೊಟ್ಟು. ಸಂಗೊಳ್ಳಿ ರಾಯಣ್ಣ ಅದರಲ್ಲಿದ್ದಾನೆ. 1857ರಲ್ಲಿ ಹತ್ಯಾರ ಕೊಡೆವೆಂದು ತಿರುಗಿಬಿದ್ದ ಹಲಗಲಿಯ ಬೇಡರಿದ್ದಾರೆ. ಬೈಲಹೊಂಗಲ ಸೀಮೆಯ ಸಂಗ್ಯಾನ ಕೊಲೆಯ ಹಾಡೂ ಇದೆ. ಮುಂದೆ ಸಣ್ಣಾಟವಾಗಿ ಉತ್ತರ ಕರ್ನಾಟಕದ ಮನೆಮಾತಾದ ‘ಸಂಗ್ಯಾ ಬಾಳ್ಯಾ’ ಅದೇ ಘಟನೆಯದು. ಫ್ಲೀಟ್ ಹಾಡು ಅಚ್ಚು ಹಾಕಿಸುವ ಹೊತ್ತಿಗೆ ರಾಯಣ್ಣ ಸತ್ತು ಐವತ್ತು ವರ್ಷ ದಾಟಿತ್ತು. ದಂಗೆ ಅಡಗಿಸಿದ ಸರಕಾರದ ಅಧಿಕಾರಿ ಆ ದಂಗೆಕೋರನ ಹಾಡು ಬರೆದುಕೊಂಡು ಅಚ್ಚು ಹಾಕಿಸುವಷ್ಟು ಅದು ಹಬ್ಬಿತ್ತು ಎಂದರೆ, ಹಾಡುಗಾರರು ಕಚೇರಿಯವರಿಗಿಂತ ಚುರುಕಾಗಿ ಕೆಲಸ ಮಾಡಿದ್ದರೆಂದೇ ಅರ್ಥ.

ಹಾಡಿದಷ್ಟೂ ಕಥೆ ಬೆಳೆಯುತ್ತದೆ. ಸೆರೆಯಲ್ಲಿದ್ದ ಚೆನ್ನಮ್ಮನನ್ನು ರಾಯಣ್ಣ ವೇಷ ಮರೆಸಿಕೊಂಡು ಬಂದು ಕಂಡ, ಅವಳ ಹರಕೆ ಪಡೆದ ಎಂಬ ಪ್ರಸಂಗ ಯಾವ ಆಟದಲ್ಲೂ ತಪ್ಪುವುದಿಲ್ಲ. ಇತಿಹಾಸಕಾರ ಇದಕ್ಕೆ ಕಾಗದ ಕೇಳುತ್ತಾನೆ. ದೊಡ್ಡಾಟದ ಭಾಗವತನಿಗೆ ಬೇಕಿದ್ದದ್ದು ಕಾಗದವಲ್ಲ, ರಾಣಿಯ ಹೋರಾಟ ಸನದಿಯ ಕೈಗೆ ದಾಟಿತೆಂದು ತೋರಿಸುವ ಒಂದು ಗಳಿಗೆ. ಕಾಮಿಕ್ಸ್‌ನಲ್ಲಾದರೆ ಈ ಗಳಿಗೆಗೆ ಇಡೀ ಒಂದು ಪುಟ ಕೊಡುತ್ತಾರೆ.

ಖಾನಾಪುರ ತಾಲೂಕು ಈ ಕಥೆಗೆ ನೆಲ ಕೊಟ್ಟಿತು. ಪೂರ್ವಕ್ಕೆ ಬೀಡಿಯ ಬಯಲು, ಪಶ್ಚಿಮಕ್ಕೆ ಸಹ್ಯಾದ್ರಿಯ ಕಾಡು, ನಡುವೆ ನಂದಗಡದ ಸಂತೆ. ದಂಡು ಬಂದರೆ ಕಾಡಿಗೆ ಸರಿಯಬಹುದು, ದಂಡು ಹೋದರೆ ಕಚೇರಿಗೆ ಇಳಿಯಬಹುದು. ಬೀಡಿಯ ನಂತರ ಸಂಪಗಾವಿಯ ಕಚೇರಿಯ ಮೇಲೂ ರಾಯಣ್ಣನ ಪಡೆ ಬಿತ್ತು. ಅವನು ಅಡಗುತ್ತಿದ್ದ ಜಾಗವೆಂದು ಹೆಸರಾದದ್ದು ಹಂಡಿಬಡಗನಾಥ, ಕಾಡಿನೊಳಗಿನ ಗುಡ್ಡದ ಮೇಲೆ ನಾಥಪಂಥದವರ ಹಳೆಯ ಮಠವಿರುವ ತಾಣ. ಸೂಪರ್‌ಹೀರೋಗೆ ಗವಿ ಇರಬೇಕು ಎಂಬ ನಿಯಮ ಮಾಡಿದ್ದು ಅಮೆರಿಕದವರಲ್ಲ. 1936ರಲ್ಲಿ ಲೀ ಫಾಕ್ ಫ್ಯಾಂಟಮ್‌ನನ್ನು ತಲೆಬುರುಡೆ ಗವಿಯಲ್ಲಿ ಕೂರಿಸುವುದಕ್ಕೆ ಎಷ್ಟೋ ವರ್ಷ ಮೊದಲೇ ಇಲ್ಲಿನ ಹಾಡುಗಾರ ತನ್ನ ವೀರನನ್ನು ಗುಡ್ಡ ಹತ್ತಿಸಿದ್ದ.

ಬಯಲಿನಲ್ಲಿ ಹಿಡಿಯಲಾಗದವನನ್ನು ನಾಡಿನವರೇ ಹಿಡಿಸಿಕೊಟ್ಟರು. 1830ರ ಏಪ್ರಿಲ್‌ನಲ್ಲಿ ರಾಯಣ್ಣ ಸೆರೆಯಾದ. ಕೆಲವು ಗೌಡರು, ದೇಸಾಯರು ಕಂಪನಿಯ ಕಡೆ ಸೇರಿ ತಮ್ಮವರನ್ನು ಅವನ ಗುಂಪಿನೊಳಗೆ ಬಿಟ್ಟಿದ್ದರು. ಹಳ್ಳದಲ್ಲಿ ಮೀಯಲು ಇಳಿದಾಗ ಕತ್ತಿಯನ್ನು ದಂಡೆಯ ಮೇಲೆ ಇಟ್ಟ, ಅದನ್ನು ನಂಬಿಕೆಯ ಬಂಟನಂತಿದ್ದ ಲಕ್ಕಪ್ಪ ಎತ್ತಿಕೊಂಡ ಎಂದು ಲಾವಣಿ ಹೇಳುತ್ತದೆ. ಕೈಯಲ್ಲಿ ಕತ್ತಿ ಇರುವತನಕ ಅವನನ್ನು ಗೆಲ್ಲಲಾಗದು ಎಂಬುದು ಈ ದೃಶ್ಯದ ಒಳಗಿನ ಮಾತು. ಸೂಪರ್‌ಮ್ಯಾನ್‌ನ ಬಲ ಕುಂದಿಸುವ ಕಲ್ಲನ್ನು ಕಥೆಗಾರರು 1940ರ ದಶಕದಲ್ಲಿ ತಂದದ್ದು ಇದೇ ತೊಂದರೆ ಬಿಡಿಸಿಕೊಳ್ಳಲು: ಸೋಲದವನನ್ನು ಸೋಲಿಸುವುದು ಹೇಗೆ? ಲಾವಣಿಯ ಉತ್ತರ ಹೆಚ್ಚು ಕಹಿಯಾದದ್ದು. ಅಲ್ಲಿ ಅನ್ಯಲೋಕದ ಕಲ್ಲು ಬೇಕಾಗಲಿಲ್ಲ, ಪಕ್ಕದೂರಿನ ಮನುಷ್ಯ ಸಾಕಾದ. ದ್ರೋಹಿಗಳ ಊರುಗಳ ಹೆಸರು ಹಾಡಿನಲ್ಲಿ ಉಳಿದುಬಿಟ್ಟಿದೆ. ಅದನ್ನು ಕೇಳಿದಾಗ ಆ ಊರುಗಳವರು ಈಗಲೂ ಮುಖ ಆಚೆ ತಿರುಗಿಸಿದರೆ ಆಶ್ಚರ್ಯವಿಲ್ಲ. ಎರಡು ಶತಮಾನದ ಹಿಂದಿನ ಒಬ್ಬಿಬ್ಬರ ಕೆಲಸಕ್ಕೆ ಇಡೀ ಊರು ಹೊಣೆ ಹೊರಬೇಕೇ ಎಂಬ ಪ್ರಶ್ನೆಯನ್ನು ಹಾಡು ಕೇಳಿಕೊಳ್ಳುವುದಿಲ್ಲ.

1831ರ ಜನವರಿ 26ರಂದು ನಂದಗಡದ ಬಳಿ ರಾಯಣ್ಣನನ್ನು ನೇಣಿಗೆ ಹಾಕಿದರು. ಅವನ ಸಂಗಡಿಗರಲ್ಲಿ ಕೆಲವರಿಗೆ ಅಲ್ಲೇ ನೇಣು, ಉಳಿದವರಿಗೆ ಕಡಲಾಚೆಯ ಜೀವಾವಧಿ ಸೆರೆ.

ಕಂಪನಿಯ ದೃಷ್ಟಿಯಲ್ಲಿ ಇದು ಕಡತ ಮುಚ್ಚಿದ ದಿನ. ಆದರೆ ಊರ ಮುಂದೆ, ಕಾಣುವ ಹಾಗೆ, ಮರಕ್ಕೆ ಹಾಕಿದ ನೇಣು ಬೇರೆಯೇ ಕೆಲಸ ಮಾಡಿತು. ರಾಯಣ್ಣನ ಸಮಾಧಿಯ ಮೇಲೆ ಅವನ ಗೆಳೆಯ ಬಿಚ್ಚುಗತ್ತಿ ಚನ್ನಬಸಪ್ಪ ಆಲದ ಸಸಿ ನೆಟ್ಟನಂತೆ. ಅದು ಬೆಳೆದು ದೊಡ್ಡ ಮರವಾಗಿ ನಿಂತಿದೆ. ಮಕ್ಕಳಿಲ್ಲದವರು ಇಲ್ಲಿಗೆ ಬಂದು ಹರಕೆ ಹೊತ್ತು ಪುಟ್ಟ ಮರದ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಎಂಬುದು ಬೇಡಿಕೆ. ಹಬ್ಬಿದ ಬೀಳಲುಗಳ ನಡುವೆ ತೊಟ್ಟಿಲುಗಳು ತೂಗುತ್ತಿರುತ್ತವೆ, ಕೆಲವು ಹೊಸ ಬಣ್ಣದವು, ಕೆಲವು ಮಳೆಗೆ ಕಪ್ಪಾದವು. ನೇಣಿಗೇರುವಾಗ ರಾಯಣ್ಣ ಮತ್ತೆ ಇದೇ ನಾಡಿನಲ್ಲಿ ಹುಟ್ಟಿಬರುವ ಮಾತಾಡಿದ ಎಂಬ ಜನರ ನಂಬಿಕೆಗೂ ಈ ತೊಟ್ಟಿಲುಗಳಿಗೂ ನೇರ ನಂಟಿದೆ. ಹರಕೆ ಹೊತ್ತು ಬಂದವರಲ್ಲಿ ಕನ್ನಡದವರೂ ಇರುತ್ತಾರೆ, ಮರಾಠಿ ಮಾತಾಡುವವರೂ ಇರುತ್ತಾರೆ. ಖಾನಾಪುರ ಎರಡೂ ಭಾಷೆಯ ತಾಲೂಕು. ಮಗು ಬೇಡುವಾಗ ಭಾಷೆಯ ಜಗಳ ಇಲ್ಲ.

ರಾಯಣ್ಣನ ಕಥೆಯಂತೆಯೇ ಕಾಮಿಕ್ಸ್ ಕನ್ನಡಕ್ಕೆ ಬಂದ ಬಗೆಗೂ ಎರಡು ಆರಂಭಗಳಿವೆ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅಮರ ಚಿತ್ರಕಥೆಯ ಜನಕರೆಂದು ಪ್ರಸಿದ್ಧರು. 1967ರಲ್ಲಿ ದಿಲ್ಲಿಯ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಮಕ್ಕಳಿಗೆ ಗ್ರೀಕ್ ದೇವತೆಗಳು ಗೊತ್ತು, ರಾಮನ ತಾಯಿಯ ಹೆಸರು ಗೊತ್ತಿಲ್ಲ ಎಂಬುದನ್ನು ನೋಡಿ ಅವರಿಗೆ ಈ ಯೋಚನೆ ಹೊಳೆಯಿತು ಎಂಬ ಕಥೆಯನ್ನು ಎಷ್ಟು ಸಲ ಹೇಳಲಾಗಿದೆಯೆಂದರೆ ಅದಕ್ಕೇ ಒಂದು ಚಿತ್ರಕಥೆ ಮಾಡಬಹುದು. ಇನ್ನೊಂದು ಆರಂಭ ಬೆಂಗಳೂರಿನದು. ಅಲ್ಲಿ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ. ಕೆ. ಅನಂತರಾಮ್ ಅದಕ್ಕೂ ಮೊದಲೇ ವಿದೇಶಿ ಕಿನ್ನರಕಥೆಗಳ ಕಾಮಿಕ್ಸ್‌ಗಳನ್ನು ಕನ್ನಡಕ್ಕೆ ತಂದು ಮಾರುಕಟ್ಟೆಗೆ ಬಿಟ್ಟಿದ್ದರು. ಅಮರ ಚಿತ್ರಕಥೆಯ ಮೊದಲ ಭಾರತೀಯ ಕಥೆ ‘ಕೃಷ್ಣ’ಕ್ಕೆ ಒಂದರ ಬದಲು ಹನ್ನೊಂದನೆಯ ಸಂಖ್ಯೆ ಬಿದ್ದದ್ದು ಅದಕ್ಕೆ ಮೊದಲು ಹತ್ತು ಪುಸ್ತಕ ಬಂದಿದ್ದರಿಂದ. ಅವು ಕನ್ನಡದವು. ದೇಶಕ್ಕೆಲ್ಲ ಗೊತ್ತಿರುವುದು ದಿಲ್ಲಿಯ ರಸಪ್ರಶ್ನೆ. ಅಂಗಡಿಯ ಲೆಕ್ಕದಲ್ಲಿ ಮೊದಲು ಬರುವುದು ಬೆಂಗಳೂರಿನ ಮಾರಾಟಗಾರ. ಇಲ್ಲೂ ಹೆಚ್ಚು ಹೃದಯಕ್ಕೆ ತಟ್ಟುವ ಆರಂಭವೇ ಗೆದ್ದಿದೆ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಕನ್ನಡದಲ್ಲೂ ಬಂದ. ಅದರ ಓದುಗರಿಗೆ, ಕಡಲುಗಳ್ಳರು ತಂದೆಯನ್ನು ಕೊಂದ ಮೇಲೆ ದಂಡೆಗೆ ಬಿದ್ದ ಮಗ ತಲೆಬುರುಡೆ ಮುಟ್ಟಿ ಮಾಡಿದ ಆಣೆ ಬಾಯಿಪಾಠವಾಗಿತ್ತು. ಪ್ರತಿ ಕಥೆಯ ಮೊದಲು ಅದನ್ನೊಮ್ಮೆ ನೆನಪಿಸುತ್ತಿದ್ದರು. ಲಾವಣಿಕಾರ ಮುಖ್ಯ ಕಥೆಗೆ ಇಳಿಯುವ ಮುಂಚೆ ವೀರನ ಮನೆತನ ಹಾಡಿ ಮುಗಿಸುತ್ತಿದ್ದ. ಹೊಸದಾಗಿ ಬಂದು ಕೂತವನಿಗೂ ತಿಳಿಯಲಿ ಎಂಬ ಉದ್ದೇಶ ಇಬ್ಬರದೂ ಒಂದೇ.

ಸಿನಿಮಾಕ್ಕೆ ರಾಯಣ್ಣ ಮೊದಲು ಬಂದದ್ದು ರಾಣಿಯ ಬೆನ್ನ ಹಿಂದೆ. 1961ರಲ್ಲಿ ಬಿ. ಆರ್. ಪಂತುಲು ನಿರ್ದೇಶಿಸಿದ ‘ಕಿತ್ತೂರು ಚೆನ್ನಮ್ಮ’ದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮನಾದರು, ರಾಜಕುಮಾರ್ ಮಲ್ಲಸರ್ಜನಾದರು. ಮೈಸೂರು, ಧಾರವಾಡಗಳೆಲ್ಲ ಒಂದೇ ರಾಜ್ಯವಾಗಿ ಐದೇ ವರ್ಷ ಆಗಿತ್ತು. ಹೊಸ ರಾಜ್ಯಕ್ಕೆ ಉತ್ತರದ ಒಬ್ಬ ರಾಣಿ ಬೇಕಾಗಿದ್ದಳು, ಮದರಾಸಿನ ಸ್ಟುಡಿಯೋದಲ್ಲಿ ಅವಳು ಬೆಂಗಳೂರಿನ ಕನ್ನಡದಲ್ಲಿ ಮಾತಾಡಿದಳು. ರಾಯಣ್ಣ ತಾನೇ ನಾಯಕನಾಗಿ ದೊಡ್ಡ ಪ್ರಮಾಣದಲ್ಲಿ ತೆರೆಗೆ ಬಂದದ್ದು 2012ರ ನವೆಂಬರ್ 1ರಂದು, ಕರ್ನಾಟಕ ರಾಜ್ಯೋತ್ಸವದ ದಿನವೇ. ನಾಗಣ್ಣ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಲ್ಲಿ ದರ್ಶನ್ ರಾಯಣ್ಣ, ಜಯಪ್ರದಾ ಚೆನ್ನಮ್ಮ. ಐವತ್ತು ವರ್ಷದಲ್ಲಿ ರಾಣಿ ಪಕ್ಕದ ಪಾತ್ರಕ್ಕೂ ಸನದಿ ನಡುವಿನ ಪಾತ್ರಕ್ಕೂ ಜಾಗ ಬದಲಿಸಿಕೊಂಡಿದ್ದರು. ಇದು ಬರೀ ತಾರೆಯ ಲೆಕ್ಕಾಚಾರವಲ್ಲ. ಅರಮನೆಯ ವೀರರ ಜಾಗಕ್ಕೆ ಹಳ್ಳಿಯ, ಹಿಂದುಳಿದ ಸಮುದಾಯದ ವೀರರು ಬಂದ ಕಾಲ ಅದು. ರಾಯಣ್ಣನನ್ನು ತಮ್ಮವನೆಂದು ಎದೆಗೊತ್ತಿಕೊಂಡ ಕುರುಬ ಸಮುದಾಯಕ್ಕೆ ರಾಜಕೀಯದಲ್ಲಿ ದನಿ ಗಟ್ಟಿಯಾದದ್ದೂ ಅದೇ ಕಾಲದಲ್ಲಿ. ಬೆಂಗಳೂರಿನ ಸಿಟಿ ರೈಲು ನಿಲ್ದಾಣಕ್ಕೆ ಕೆಲವೇ ವರ್ಷದಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂತು. ಬೆಳಗಾವಿಯಿಂದ ರಾತ್ರಿ ರೈಲು ಹತ್ತಿದವರು ಬೆಳಿಗ್ಗೆ ಇಳಿಯುವುದು ತಮ್ಮ ಜಿಲ್ಲೆಯವನ ಹೆಸರಿನ ನಿಲ್ದಾಣದಲ್ಲಿ.

ಬೆಳಗಾವಿ ನಗರದಲ್ಲಿ ರಾಯಣ್ಣನ ಕಥೆ ಹೇಳುವುದಕ್ಕೆ ಬೇರೆ ಬಿಸಿ ಇದೆ. ಇಲ್ಲಿನ ಮಗು ಇಬ್ಬರು ವೀರರ ಕಥೆ ಕೇಳಿ ಬೆಳೆಯುತ್ತದೆ. ಒಂದು ಶಿವಾಜಿಯದು, ಜೀಜಾಬಾಯಿ ಮಗನಿಗೆ ರಾಮಾಯಣ ಮಹಾಭಾರತ ಹೇಳಿ ಬೆಳೆಸಿದಳು ಎಂಬಲ್ಲಿಂದ ಅದರ ಆರಂಭ. ಇನ್ನೊಂದು ರಾಯಣ್ಣನದು, ಕೆಂಚವ್ವನ ಕಲ್ಲಿನಿಂದ. ಎರಡರಲ್ಲೂ ತಾಯಿಯೇ ಮೊದಲ ಪುಟದಲ್ಲಿ ನಿಲ್ಲುತ್ತಾಳೆ ಎಂಬುದು ಯಾರ ಭಾಷಣದಲ್ಲೂ ಬರುವುದಿಲ್ಲ, ಬಂದಿದ್ದರೆ ಚೆನ್ನಾಗಿತ್ತು. 2020ರ ಆಗಸ್ಟ್‌ನಲ್ಲಿ ಖಾನಾಪುರ ರಸ್ತೆಯ ಪೀರನವಾಡಿಯಲ್ಲಿ ರಾಯಣ್ಣನ ಪ್ರತಿಮೆ ನಿಲ್ಲಿಸಿದಾಗ ಕನ್ನಡ, ಮರಾಠಿಗರ ಎರಡು ಗುಂಪು ಎದುರುಬದುರಾದವು, ಪೊಲೀಸರು ಲಾಠಿ ಬೀಸಿದರು. ಕೊನೆಗಾದ ರಾಜಿ ಹೀಗಿತ್ತು: ವೃತ್ತಕ್ಕೆ ಶಿವಾಜಿಯ ಹೆಸರು, ಪ್ರತಿಮೆ ರಾಯಣ್ಣನದು. ಮರುವರ್ಷ ಡಿಸೆಂಬರ್‌ನಲ್ಲಿ, ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಿದ್ದ ಬೆನ್ನಿಗೇ, ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಯನ್ನು ರಾತ್ರೋರಾತ್ರಿ ವಿರೂಪಗೊಳಿಸಿದರು. ಕಥೆಯಲ್ಲಿ ಕಂಪನಿಯ ವಿರುದ್ಧ ಕತ್ತಿ ಎತ್ತಿದವನು ವೃತ್ತದಲ್ಲಿ ಇನ್ನೊಂದು ವೃತ್ತದ ಕಡೆ ಕತ್ತಿ ಎತ್ತಿದಂತೆ ಕಾಣತೊಡಗಿದ. ಪ್ರತಿಮೆಯ ತೊಂದರೆಯೇ ಇದು. ಅದರಲ್ಲಿ ಹೊಲವೂ ಇಲ್ಲ, ಕುಲಕರ್ಣಿಯ ಲೆಕ್ಕವೂ ಇಲ್ಲ, ಇರುವುದು ಎತ್ತಿದ ಕೈ ಮಾತ್ರ. ಯಾರ ಮೇಲೆ ಎತ್ತಿದ್ದು ಎಂಬುದನ್ನು ನೋಡುವವರು ತುಂಬಿಕೊಳ್ಳುತ್ತಾರೆ.

ತಾರೀಖುಗಳ ವಿಷಯಕ್ಕೆ ಬಂದರೆ ಯಾವ ಕಾಮಿಕ್ಸ್ ಬರಹಗಾರನಿಗೂ ಹೊಟ್ಟೆಕಿಚ್ಚಾಗಬೇಕು. ರಾಯಣ್ಣನ ಜಯಂತಿ ಆಗಸ್ಟ್ 15, ನೇಣಿಗೇರಿದ್ದು ಜನವರಿ 26. ದೇಶ ಸ್ವತಂತ್ರವಾದ ದಿನ ಹುಟ್ಟು, ಗಣರಾಜ್ಯವಾದ ದಿನ ಸಾವು. ಕಥೆಗಾರ ಹೀಗೆ ಬರೆದರೆ ಸಂಪಾದಕ ಅತಿಯಾಯಿತೆಂದು ಹೊಡೆದುಹಾಕುತ್ತಿದ್ದ. ಹುಟ್ಟಿದ ವರ್ಷ 1798 ಎಂದು ಬರೆಯುವವರಿದ್ದಾರೆ, 1796 ಎನ್ನುವವರೂ ಇದ್ದಾರೆ. ನೇಣಿನ ದಿನದ ಮಾತು ಬೇರೆ, ಅದು ಸರಕಾರವೇ ಮಾಡಿದ ಕೆಲಸ. ಹಳ್ಳಿಯ ಸನದಿಯ ಮನೆಯಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಹುಟ್ಟಿದ ಕೂಸಿಗೆ ಇಂಗ್ಲಿಷ್ ಕ್ಯಾಲೆಂಡರಿನ ತಾರೀಖು ಯಾರು ಬರೆದಿಟ್ಟರು ಎಂದು ಸಂಶಯಪಡುವುದು ಅಪರಾಧವಲ್ಲ. ಆದರೂ ಆಗಸ್ಟ್ 15ರಂದು ಸಂಗೊಳ್ಳಿಯಲ್ಲಿ ಧ್ವಜ ಏರಿಸುವುದಕ್ಕೂ ಹಾರ ಹಾಕುವುದಕ್ಕೂ ಒಂದೇ ಬೆಳಗು ಸಾಕಾಗುತ್ತದೆ. ಮಕ್ಕಳಿಗಂತೂ ಎರಡೂ ಒಂದೇ ಹಬ್ಬ.

ಸಂಗೊಳ್ಳಿಯಲ್ಲಿ ಈಗ ರಾಯಣ್ಣನ ಬದುಕನ್ನು ಆರಂಭದಿಂದ ಕೊನೆಯವರೆಗೆ ಬೊಂಬೆಗಳಲ್ಲಿ ನಿಲ್ಲಿಸಿದ ಶಿಲ್ಪವನ ಇದೆ, ಅವನ ಹೆಸರಿನ ಸೈನಿಕ ಶಾಲೆಯೂ ಇದೆ. ಶಿಲ್ಪವನದಲ್ಲಿ ನಡೆಯುತ್ತ ಹೋಗುವುದು ಒಂದು ಚಿತ್ರಕಥೆಯ ಪುಟ ತಿರುಗಿಸಿದ ಹಾಗೆಯೇ: ಒಂದು ದೃಶ್ಯ, ಎರಡು ಹೆಜ್ಜೆ, ಮುಂದಿನ ದೃಶ್ಯ. ಇಲ್ಲಿ ಕ್ರಮ ಗಟ್ಟಿಯಾಗಿದೆ. ಹಾಡುಗಾರ ರಾತ್ರಿಗೊಂದು ಬಗೆಯಾಗಿ ಎತ್ತುತ್ತಿದ್ದ ಕಥೆಗೆ ಬಾಗಿಲು, ಟಿಕೆಟ್ಟು, ದಾರಿ ಬಂದಿವೆ.

ಆದರೆ ಕ್ರಮ ಗಟ್ಟಿಯಾದ ಹೊತ್ತಿನಲ್ಲೇ ಬೇರೆ ಕಡೆಯಿಂದ ಹೊಸ ಆರಂಭವೊಂದು ಕೇಳಿಬರುತ್ತಿದೆ. ರಾಯಣ್ಣನ ಸಂಗಡಿಗರಲ್ಲಿ ಗಜವೀರ ಎಂಬವನು ಸಿದ್ದಿ ಜನಾಂಗದವನು ಎಂಬುದು ಕಥೆಯಲ್ಲಿ ಮೊದಲಿನಿಂದ ಇರುವ ಮಾತು. ಆಫ್ರಿಕಾದಿಂದ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟ ಹತ್ತಿದವರ ಮಕ್ಕಳು ಮೊಮ್ಮಕ್ಕಳು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಾಡುಗಳಲ್ಲಿ, ಖಾನಾಪುರದ ಅಂಚಿನಲ್ಲಿ ನೆಲೆನಿಂತರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ 2003ರಲ್ಲಿ ಸಿಕ್ಕಿತು. ಬೆಳಗಾವಿ, ಧಾರವಾಡ ಜಿಲ್ಲೆಗಳವರಿಗೆ ಅದು ಸಿಕ್ಕಿದ್ದು 2020ರ ಕಾನೂನು ತಿದ್ದುಪಡಿಯಲ್ಲಿ. ಅಂದರೆ ಜಿಲ್ಲೆಯ ಗಡಿ ದಾಟಿದ ಮಾತ್ರಕ್ಕೆ ಒಂದೇ ಮನೆತನದ ಅಣ್ಣ ಪಂಗಡದವನು, ತಮ್ಮ ಅಲ್ಲದವನು ಆಗಿ ಹದಿನೇಳು ವರ್ಷ ಕಳೆಯಿತು. ಈ ಜನಕ್ಕೆ ಗಜವೀರ ರಾಯಣ್ಣನ ಪಕ್ಕ ನಿಂತ ಬಂಟನಷ್ಟೇ ಅಲ್ಲ. ಈ ನಾಡಿನ ಹೋರಾಟದಲ್ಲಿ ತಮ್ಮವನೊಬ್ಬ ಇದ್ದ ಎಂದು ಹೇಳಿಕೊಳ್ಳಲು ಇರುವ ಹೆಸರು. ಅಮೆರಿಕದ ಕಾಮಿಕ್ಸ್‌ನಲ್ಲಿ ಬ್ಯಾಟ್‌ಮನ್‌ನ ಸಂಗಡಿಗ ರಾಬಿನ್ 1940ರಲ್ಲೇ ಬಂದರೂ ಅವನ ಹೆಸರಿನ ಸ್ವಂತ ಪುಸ್ತಕ ಬರಲು ಅರ್ಧ ಶತಮಾನ ಬೇಕಾಯಿತು. ಗಜವೀರನಿಗೆ ಇದಾಗಲೇ ಎರಡು ಶತಮಾನ. ಸಿದ್ದಿ ಹುಡುಗರು ಅವನ ಕಥೆ ಹೇಳತೊಡಗಿದರೆ ಅದು ಬೀಡಿಯಿಂದಲೂ ಸಂಗೊಳ್ಳಿಯಿಂದಲೂ ಶುರುವಾಗಲಾರದು. ಅದರ ಮೊದಲ ಪುಟದಲ್ಲಿ ಹಡಗು ಇರಬೇಕಾಗುತ್ತದೆ.